ಒಣಗಿದ ದ್ರಾಕ್ಷಿಯ ವೈನ್ ಸಿಹಿ ಏಕಲ್ಲ?

ಪ್ರಶ್ನೆ: ಇಟಲಿಯ ಅಮರೋನೆ ಎಂಬ ಕೆಂಪು ವೈನನ್ನು ಒಣಗಿಸಿದ ದ್ರಾಕ್ಷಿಯಿಂದ ಮಾಡುತ್ತಾರಂತೆ. ಹಾಗಾದರೆ ಅದು ಸಿಹಿಯಾಗಿರಬೇಕಲ್ಲವೇ?

ಲೆಕ್ಕದ ಪ್ರಕಾರ ಇರಬೇಕು. ಆದರೆ ಆ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ತಿಂದು ಮುಗಿಸಿರುತ್ತದೆ.

ಅಮರೋನೆ ಹುಟ್ಟುವುದು ಈಶಾನ್ಯ ಇಟಲಿಯ ವೆನೆಟೊ ಪ್ರಾಂತದಲ್ಲಿ, ವೆರೋನಾ ನಗರದ ಉತ್ತರಕ್ಕಿರುವ ವಾಲ್ಪೊಲಿಚೆಲ್ಲಾ ಗುಡ್ಡಗಳಲ್ಲಿ. ಇದು ಒಂದೇ ತಳಿಯ ವೈನಲ್ಲ. ಕೊರ್ವಿನಾ, ಕೊರ್ವಿನೋನೆ, ರೊಂಡಿನೆಲ್ಲಾಗಳ ಮಿಶ್ರಣ. ಚೆರ್ರಿಯ ಪರಿಮಳ, ನಾಲಿಗೆ ಚುರುಕಾಗಿಸುವ ಹುಳಿ ಕೊರ್ವಿನಾದ್ದು. ರೊಂಡಿನೆಲ್ಲಾ ರೋಗಕ್ಕೆ ಸುಲಭವಾಗಿ ಜಗ್ಗದು, ಚೆನ್ನಾಗಿ ಒಣಗುತ್ತದೆ.

ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೊಯ್ದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟಗಳಲ್ಲಿ, ಬಿದಿರಿನ ತಟ್ಟಿ ಅಥವಾ ಕ್ರೇಟುಗಳಲ್ಲಿ ಒಂದೇ ಪದರವಾಗಿ ಹರಡುತ್ತಾರೆ. ಒತ್ತೊತ್ತಾಗಿ ಪೇರಿಸಿದರೆ ಬೂಷ್ಟು ಹಿಡಿದು ಎಲ್ಲವೂ ಹಾಳು. ವಿಜಯಪುರದ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಹಾಕುತ್ತಾರಲ್ಲ, ಹಾಗೆಯೇ. ಆದರೆ ಅಲ್ಲಿ ಪೂರ್ತಿ ಒಣಗಿಸುತ್ತಾರೆ, ಇಲ್ಲಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಮೂರು-ನಾಲ್ಕು ತಿಂಗಳಲ್ಲಿ ಹಣ್ಣಿನ ತೂಕ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಹೋಗುವುದು ಮುಖ್ಯವಾಗಿ ನೀರು. ಸಕ್ಕರೆ, ಬಣ್ಣ, ಒಗರು ಉಳಿದು ರಸ ಮಂದವಾಗುತ್ತದೆ.

ಚಳಿಗಾಲದಲ್ಲಿ ಈ ಹಣ್ಣನ್ನು ಜಜ್ಜಿ, ಸಿಪ್ಪೆ ಸಮೇತ ಹುದುಗಲು ಬಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತಾ ಹೋಗುತ್ತದೆ. ಚಳಿಗೆ ಕೆಲಸ ನಿಧಾನ, ಆದರೂ ಅವಸರಪಡಿಸದೆ ಕೊನೆಯವರೆಗೂ ಕಾಯುತ್ತಾರೆ. ಸಕ್ಕರೆ ಹೆಚ್ಚಿದ್ದರಿಂದ ಮದ್ಯಸಾರವೂ ಹೆಚ್ಚು: ನಿಯಮದಂತೆ ಕನಿಷ್ಠ ಶೇ 14, ಎಷ್ಟೋ ಬಾಟಲಿಗಳಲ್ಲಿ ಶೇ 15-16. ಹಾಗಾಗಿ ಅಮರೋನೆ ಗಾಢ, ಖಡಕ್, ಕೊಂಚ ಕಹಿ. ಮಾರಾಟಕ್ಕೆ ಮುನ್ನ ಕನಿಷ್ಠ 2 ವರ್ಷ ಮಾಗಲೇಬೇಕು.

ಅದೇ ಹಣ್ಣು ಹುದುಗುವುದನ್ನು ನಡುವೆಯೇ ನಿಲ್ಲಿಸಿದರೆ ಸಕ್ಕರೆ ಉಳಿಯುತ್ತದೆ. ಆ ಸಿಹಿ ವೈನಿನ ಹೆಸರು ರೆಚೊತೊ. ನೀವು ನಿರೀಕ್ಷಿಸಿದ ರುಚಿ ಅದರದ್ದು.