ಕೂಸು ಅತ್ತರೆ ಹಾಲಿನ ಮೇಲೇಕೆ ಗುಮಾನಿ?

ಪುಣೆಯ ನಿಗಡಿಯಲ್ಲಿ, ಆಕುರ್ಡಿ, ಪಿಂಪ್ರಿಯ ಕಾರ್ಖಾನೆಗಳ ಕೆಲಸ ನಂಬಿ ನೆಲೆಸಿದ ಉತ್ತರ ಕರ್ನಾಟಕದವರ ಮನೆಗಳಲ್ಲಿ, ಸಂಜೆ ಹೊತ್ತು ಕೂಸು ರಚ್ಚೆ ಹಿಡಿದರೆ ‘ಹಾಲು ಸಾಲವಲ್ದು, ಡಬ್ಬಿ ಹಾಲರೆ ಹಾಕು’ ಎಂಬ ಮಾತು ಬರಲು ತಡವಾಗುವುದಿಲ್ಲ. ಪಕ್ಕದ ಮನೆಯ ಮಗು ಡಬ್ಬಿ ಹಾಲು ಕುಡಿದು ತೆಪ್ಪಗೆ ಮಲಗಿದ್ದರಂತೂ ಆ ಮಾತಿಗೆ ಸಾಕ್ಷಿಯೇ ಸಿಕ್ಕಿಬಿಡುತ್ತದೆ. ಆ ಸಾಕ್ಷಿಯನ್ನು ನೆಚ್ಚಿ ಬಾಣಂತಿಯ ಧೈರ್ಯ ಕುಂದಿಸುವುದು ಅನ್ಯಾಯ. ಹಾಗೆಂದು ಕಣ್ಣಿಗೆ ಕಂಡದ್ದು ಪೂರ್ತಿ ಸುಳ್ಳೂ ಅಲ್ಲ. 2012ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಕೇಂಬ್ರಿಜ್ ಅಧ್ಯಯನ ಮೂರು ತಿಂಗಳ 316 ಕೂಸುಗಳ ಸ್ವಭಾವವನ್ನು ತಾಯಂದಿರಿಂದಲೇ ಕೇಳಿ ದಾಖಲಿಸಿತು. ಎದೆಹಾಲಿನ ಕೂಸುಗಳದು ಕಿರಿಕಿರಿ ಹೆಚ್ಚು, ನಗು ಕಡಿಮೆ, ಸಮಾಧಾನ ಮಾಡುವುದೂ ಕಷ್ಟ ಎಂದು ತಿಳಿದುಬಂತು. ಆದರೆ ಸಂಶೋಧಕರು ಇದನ್ನು ಎದೆಹಾಲಿನ ದೋಷವೆನ್ನಲಿಲ್ಲ. ಅಳು ಕೂಸಿನ ಸಹಜ ಭಾಷೆ. ಡಬ್ಬಿ ಹಾಲಿನ ಮಗು ಶಾಂತವಾಗಿ ಕಂಡರೆ ಅದಕ್ಕೆ ಹೊಟ್ಟೆ ಬಿರಿಯೆ ಕುಡಿದದ್ದೂ ಕಾರಣವಿರಬಹುದು ಎಂದರು. ಅಳುವಿಗೂ ಒಂದು ಕಾಲಕ್ರಮವಿದೆ. ಅಮೆರಿಕದ ಮಕ್ಕಳ ವೈದ್ಯ ಬ್ರೆಜಲ್ಟನ್ 1962ರಲ್ಲಿ 80 ಕೂಸುಗಳ ಅಳುವಿನ ಲೆಕ್ಕ ಇಟ್ಟಾಗ ಆರನೇ ವಾರದ ಹೊತ್ತಿಗೆ ಅದು ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆಗೆ ಏರಿ, ಆಮೇಲೆ ಇಳಿದಿತ್ತು. ಹೆಚ್ಚಿನ ಅಳು ಸಂಜೆಯದೇ.

ತಾಯಂದಿರ ಹೇಳಿಕೆಯನ್ನು ಎಷ್ಟು ನಂಬುವುದು, ಎದೆಹಾಲು ಕೊಡುವವರು ಬಿಡುವವರು ಮೊದಲೇ ಬೇರೆ ಬೇರೆ ಬಗೆಯ ಮನೆಯವರಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಉತ್ತರದಂತಿರುವುದು 1996–97ರಲ್ಲಿ 17,046 ತಾಯಿ–ಮಕ್ಕಳೊಂದಿಗೆ ಬೆಲಾರೂಸಿನಲ್ಲಿ ಶುರುವಾದ ಪ್ರಯೋಗ. ಅಲ್ಲಿ ಚೀಟಿ ಎತ್ತಿದ ಹಾಗೆ ಕೆಲವು ಆಸ್ಪತ್ರೆಗಳನ್ನು ಆರಿಸಿ ಎದೆಹಾಲಿಗೆ ವಿಶೇಷ ಉತ್ತೇಜನ ಕೊಟ್ಟರು. ಆ ಮಕ್ಕಳು ಆರೂವರೆ ವರ್ಷದವರಾದಾಗ ನಡವಳಿಕೆಯಲ್ಲಿ, ಭಾವನೆಗಳಲ್ಲಿ ಅವರಿಗೂ ಉಳಿದ ಆಸ್ಪತ್ರೆಗಳ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅಂದಮೇಲೆ ಎದೆಹಾಲಿಗೆ ಹಠಮಾರಿಯನ್ನು ಮಾಡುವ ಗುಣವೂ ಇಲ್ಲ, ಸಾಧುವನ್ನು ಮಾಡುವ ಗುಣವೂ ಇಲ್ಲ. ಎದೆಹಾಲಿನ ಪರ ನಿಂತವರೂ ಈ ಎರಡನೆಯ ಮಾತನ್ನು ಒಪ್ಪಬೇಕು. ಸೋಂಕು, ಭೇದಿಯಿಂದ ಕೂಸನ್ನು ಕಾಯುವ ಅದರ ಹಿರಿಮೆಗೆ ಇದರಿಂದ ಕುಂದಿಲ್ಲ.

ನಿಜವಾಗಿಯೂ ಹಾಲು ಸಾಲದೆ ಹೋದರೆ? ಸಾಲದೆ ಇರುವುದೂ ಉಂಟು, ಅದನ್ನು ಅಲಕ್ಷಿಸಬಾರದು. ಆದರೆ ಅಳತೆಗೋಲು ಅಳುವಲ್ಲ, ತೂಕ. ಎರಡು ವಾರದೊಳಗೆ ಹುಟ್ಟಿದ ತೂಕ ಮರಳಿ ಬಂದಿದ್ದರೆ, ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಈ ಲೆಕ್ಕ ತಪ್ಪಿದರೆ ವೈದ್ಯರ ಬಳಿ ಹೋಗಬೇಕು. ಲೆಕ್ಕ ಸರಿಯಿದ್ದೂ ಗಾಬರಿಯಿಂದ ಬಾಟಲಿ ಹಿಡಿದರೆ ಕೂಸು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದಷ್ಟೂ ಎದೆಯಲ್ಲಿ ಹಾಲು ಇಳಿಮುಖವಾಗುತ್ತದೆ. ಸುಳ್ಳು ಗುಮಾನಿ ಹೀಗೆ ಕೆಲವೇ ವಾರಗಳಲ್ಲಿ ನಿಜವಾಗಿ ನಿಲ್ಲುತ್ತದೆ.