ಸೊನ್ನೆಗೆ ಏಳು ಬೈಟ್!

ಮಕ್ಕಳೇ, 1981ರಲ್ಲಿ ಬ್ರಿಟನ್ನಿನಲ್ಲಿ 'ಝಡ್‌ಎಕ್ಸ್ 81' ಎಂಬ ಪುಟ್ಟ ಮನೆ ಕಂಪ್ಯೂಟರ್ ಮಾರಾಟಕ್ಕೆ ಬಂತು. ಅದರ ಮೆಮೊರಿ ಬರೀ 1024 ಬೈಟ್. ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಬೇಕು. ನಾವು ಬರೆದ ಪ್ರೋಗ್ರಾಂ, ಟಿವಿ ಪರದೆಯಲ್ಲಿ ಕಾಣುವ ಬರಹ ಎರಡೂ ಅಷ್ಟರಲ್ಲೇ ಹಿಡಿಸಬೇಕು! ಜಾಗ ಸಾಲದಿದ್ದರೆ 4 ಎಂಬ ಸಂಕೇತ ಮೂಡಿ ಕೆಲಸ ನಿಲ್ಲುತ್ತಿತ್ತು.

ಪ್ರೋಗ್ರಾಂನಲ್ಲಿ 0 ಎಂದು ಬರೆದರೆ ಎಷ್ಟು ಬೈಟ್? ಅಂಕಿಗೆ 1. ಅದನ್ನೇ ಲೆಕ್ಕಕ್ಕೆ ಒದಗುವ ರೂಪದಲ್ಲಿ ಪಕ್ಕದಲ್ಲಿ ಬರೆದಿಡಲು ಇನ್ನೂ 6. ಏನೂ ಇಲ್ಲದ ಸೊನ್ನೆಗೆ ಏಳು!

ಇದಕ್ಕೆ ಜಾಣರು ಹೂಡಿದ ಉಪಾಯ 'ನಾಟ್ ಪೈ'. ಪೈ ಎಂದರೆ ವೃತ್ತದ ಪಾಠದಲ್ಲಿ ಬರುವ ಅದೇ ಪೈ. ಸೊನ್ನೆಯಲ್ಲದ ಯಾವ ಸಂಖ್ಯೆಯ ಮುಂದೆ 'ನಾಟ್' ಹಾಕಿದರೂ ಆ ಯಂತ್ರದ ಉತ್ತರ ಸೊನ್ನೆ. ಇಂಥ ಆದೇಶಪದ ಪೂರ್ತಿಗೆ ಒಂದೇ ಬೈಟ್. ಎರಡು ಪದಕ್ಕೆ ಎರಡು.

ಹತ್ತು ಕಡೆ ಹೀಗೆ ಬರೆದರೆ ಎಷ್ಟು ಬೈಟ್ ಉಳಿಯುತ್ತದೆ? ಲೆಕ್ಕ ಹಾಕಿ ನೋಡಿ.