ಸ್ತನ ಉಳಿಸಿದ ಮೇಲೆ ಅದರ ರೂಪ

ಕಾಸರಕೋಡಿನ ಟೊಂಕ, ಭಟ್ಕಳದ ಜಾಲಿ, ಕುಮಟಾ ಪೇಟೆ, ಎಲ್ಲಿ ಕೇಳಿದರೂ ಸ್ತನ ಕ್ಯಾನ್ಸರ್ ಎಂದ ಕೂಡಲೇ ಬರುವ ಮಾತು ಒಂದೇ: "ಪೂರ್ತಿ ತೆಗೆಸಬೇಕಂತೆ." ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ವರದಿ ಮಾಡಿದ ಶಸ್ತ್ರಕ್ರಿಯೆಯಲ್ಲಿ ಸ್ತನ, ಅದರಡಿಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ಮುಕ್ಕಾಲು ಶತಮಾನ ವೈದ್ಯಲೋಕ ಅದೇ ದಾರಿ ಹಿಡಿದಿತ್ತು.

ಆ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಇಬ್ಬರು ಮುಖ್ಯರು. ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ 1973ರಿಂದ 701 ಮಹಿಳೆಯರಲ್ಲಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ತಂಡ 1976ರಿಂದ 1,851 ಮಹಿಳೆಯರಲ್ಲಿ, ಸ್ತನ ಪೂರ್ತಿ ತೆಗೆದವರನ್ನೂ ಗಂಟು ಇರುವ ಭಾಗ ಮಾತ್ರ ತೆಗೆದವರನ್ನೂ ಹೋಲಿಸಿ ನೋಡಿದರು. ಎರಡೂ ಅಧ್ಯಯನಗಳ ಇಪ್ಪತ್ತು ವರ್ಷದ ಲೆಕ್ಕ 2002ರಲ್ಲಿ ಒಂದೇ ವೈದ್ಯಪತ್ರಿಕೆಯಲ್ಲಿ ಬಂತು. ಬದುಕಿ ಉಳಿದವರ ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಆದರೆ ಫಿಶರ್ ಅಧ್ಯಯನದಲ್ಲಿ ವಿಕಿರಣ, ನಮ್ಮ ಜನ 'ಕರೆಂಟ್ ಕೊಡುವುದು' ಎನ್ನುತ್ತಾರಲ್ಲ ಅದು, ಪಡೆಯದೆ ಬರೀ ಗಂಟು ತೆಗೆಸಿಕೊಂಡವರಲ್ಲಿ ಶೇಕಡಾ 39 ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು. ಪಡೆದವರಲ್ಲಿ ಹಾಗಾದದ್ದು ಶೇಕಡಾ 14 ಮಂದಿಗೆ. ಸ್ತನ ಉಳಿಸುವುದು ಎಂದರೆ ಅರ್ಧ ಕೆಲಸ ಕತ್ತರಿಯದು, ಅರ್ಧ ಕೆಲಸ ವಿಕಿರಣದ್ದು.

ಉಳಿದ ಸ್ತನ ನೋಡಲು ಹೇಗಿರುತ್ತದೆ ಎಂದು ಕೇಳಲು ಹೆಂಗಸರು ನಾಚುತ್ತಾರೆ. ಕೇಳಿದರೂ ಜೊತೆಗೆ ಬಂದವರು, "ಜೀವ ಉಳಿದರೆ ಸಾಕು ಮಾರಾಯ್ತಿ, ಈಗ ಚಂದ ಕಟ್ಟಿಕೊಂಡು ಏನು?" ಎಂದು ಬಾಯಿ ಮುಚ್ಚಿಸುತ್ತಾರೆ. ಇದು ಸರಿಯಲ್ಲ. ರವಿಕೆ ಎರಡೂ ಕಡೆ ಸರಿಯಾಗಿ ಕೂರಬೇಕು, ಮೀನುಬುಟ್ಟಿ ಹೊರುವಾಗ ಎದೆ ಬಿಗಿದು ನೋಯಬಾರದು, ಸ್ನಾನದ ಹೊತ್ತಿಗೆ ತನ್ನ ಮೈ ತನಗೇ ಅಪರಿಚಿತ ಅನಿಸಬಾರದು. ಇವೂ ಚಿಕಿತ್ಸೆಯ ಫಲಿತಾಂಶದ ಲೆಕ್ಕಕ್ಕೇ ಸೇರುತ್ತವೆ. ಅಮೆರಿಕದ ಜೇ ಹ್ಯಾರಿಸ್ ಮತ್ತು ಜೊತೆಗಾರರು 1979ರಲ್ಲೇ ಇದಕ್ಕೊಂದು ಅಳತೆ ಕೊಟ್ಟರು: ಎರಡೂ ಸ್ತನಗಳನ್ನು ಹೋಲಿಸಿ ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ ಎಂದು ನಾಲ್ಕು ದರ್ಜೆ. ಇದು ಇಂದಿಗೂ ಬಳಕೆಯಲ್ಲಿದೆ.

ದರ್ಜೆ ಬಹುಮಟ್ಟಿಗೆ ಆಪರೇಶನ್ ದಿನವೇ ತೀರ್ಮಾನವಾಗುತ್ತದೆ. ಗಂಟಿಗಿಂತಲೂ ಮುಖ್ಯ, ಸ್ತನದ ಗಾತ್ರಕ್ಕೆ ಹೋಲಿಸಿದರೆ ಎಷ್ಟು ಭಾಗ ಹೋಯಿತು ಎಂಬುದು. ಲಿಂಬೆಹಣ್ಣಿನಷ್ಟು ಮಾಂಸ ತೆಗೆದರೆ ದೊಡ್ಡ ಸ್ತನದಲ್ಲಿ ಗೊತ್ತೇ ಆಗದಿರಬಹುದು, ಸಣ್ಣದರಲ್ಲಿ ಗುಳಿ ಬೀಳುತ್ತದೆ. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋದರೆ ಆಕಾರ ಕೆಡುವ ಸಂಭವ ಜಾಸ್ತಿ. ಜಾಗವೂ ಮುಖ್ಯ. ಹೊರಮಗ್ಗುಲಿನ ಮೇಲ್ಭಾಗದ ಗಂಟು ತೆಗೆದರೆ ಸುತ್ತಲಿನ ಮಾಂಸ ಜಾಗ ತುಂಬಿಕೊಳ್ಳುತ್ತದೆ. ಕೆಳಭಾಗದ್ದನ್ನು ತೆಗೆದು ಬರೀ ಚರ್ಮ ಹೊಲಿದರೆ ತೊಟ್ಟು ಕೆಳಕ್ಕೆ ಜಗ್ಗಿ ಮೂತಿ ತಿರುಗಿಸಿದ ಹಾಗೆ ಕಾಣುತ್ತದೆ. ಒಳಮಗ್ಗುಲಿನದು ರವಿಕೆಯ ಕತ್ತಿನ ಬಳಿಯೇ ಗುಳಿಯಾಗಿ ಉಳಿಯಬಹುದು. ಅದಕ್ಕೇ ಅನುಭವಿ ಶಸ್ತ್ರವೈದ್ಯರು ರೋಗಿಯನ್ನು ಮಲಗಿಸುವ ಮೊದಲು ಕೂರಿಸಿ, ಪೆನ್ನಿನಿಂದ ಗೆರೆ ಎಳೆಯುತ್ತಾರೆ; ಮಲಗಿದಾಗ ಸ್ತನ ಪಕ್ಕಕ್ಕೆ ಜಾರಿ ಅಂದಾಜು ತಪ್ಪುತ್ತದೆ. ಈಗ ಗಂಟು ತೆಗೆದ ಕೂಡಲೇ ಉಳಿದ ಮಾಂಸವನ್ನೇ ಸರಿಸಿ ಗುಳಿ ತುಂಬುವ, ಬೇಕಾದರೆ ಇನ್ನೊಂದು ಸ್ತನವನ್ನೂ ಸರಿದೂಗಿಸುವ ಆಂಕೋಪ್ಲಾಸ್ಟಿಕ್ ವಿಧಾನಗಳಿವೆ. ಗಂಟು ದೊಡ್ಡದಿದ್ದರೆ ಮೊದಲು ಕಿಮೋ ಕೊಟ್ಟು ಕುಗ್ಗಿಸಿ ಆಮೇಲೆ ತೆಗೆಯುವುದೂ ಉಂಟು.

ವಿಕಿರಣದ ಪರಿಣಾಮ ನಿಧಾನದ್ದು. ಮೊದಲ ವಾರಗಳಲ್ಲಿ ಚರ್ಮ ಕೆಂಪಾಗಿ ಆಮೇಲೆ ಕಪ್ಪಿಡುತ್ತದೆ, ಸ್ತನದಡಿಯ ಮಡಿಕೆಯಲ್ಲಿ ಸಿಪ್ಪೆಯೇಳಬಹುದು. ಚಿಕಿತ್ಸೆ ಮುಗಿದು ಒಂದೆರಡು ವಾರ ಉರಿ ಹೆಚ್ಚೇ ಆಗುತ್ತದೆ. ಹೆದರಬೇಕಿಲ್ಲ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಬಾವು ಇಳಿಯಲು ತಿಂಗಳುಗಳು ಬೇಕು. ಆದರೆ ಮಾಂಸ ಗಟ್ಟಿಯಾಗುವುದು, ಸ್ತನ ಕುಗ್ಗುವುದು, ಚರ್ಮದ ಮೇಲೆ ಸಣ್ಣ ಕೆಂಪು ರಕ್ತನಾಳಗಳು ಮೂಡುವುದು ವರ್ಷಗಟ್ಟಲೆ ನಡೆಯುತ್ತಿರುತ್ತದೆ. ಆರು ತಿಂಗಳಿಗೆ ಕನ್ನಡಿ ನೋಡಿ ಒಳ್ಳೆಯದಾಯಿತು ಎಂದೋ ಕೆಟ್ಟಿತು ಎಂದೋ ತೀರ್ಮಾನಿಸುವುದು ಅವಸರ. ಗಂಟಿದ್ದ ಜಾಗಕ್ಕೆ ಕೊನೆಯಲ್ಲಿ ಕೊಡುವ ಹೆಚ್ಚುವರಿ ಡೋಸ್ ಮರುಕಳಿಕೆ ತಗ್ಗಿಸುತ್ತದೆ, ಜೊತೆಗೆ ಗಟ್ಟಿಯಾಗುವುದನ್ನೂ ಹೆಚ್ಚಿಸುತ್ತದೆ. ಹಾಗಾಗಿ ಅದು ಯಾರಿಗೆ ಬೇಕು ಎಂದು ವೈದ್ಯರು ಅಳೆದು ನಿರ್ಧರಿಸುತ್ತಾರೆ.

ಇನ್ನು ದಾರಿಯ ಮಾತು. ಹೊನ್ನಾವರದ ಕಡೆಯವರಿಗೆ ವಿಕಿರಣವೆಂದರೆ ಮಣಿಪಾಲ, ಮಂಗಳೂರು, ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿ. ಕಾಸರಕೋಡಿನಿಂದ ಮಣಿಪಾಲಕ್ಕೇ ನೂರು ಕಿಲೋಮೀಟರ್ ಮೀರುತ್ತದೆ. ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದವರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಹಳೆಯ ಕ್ರಮದಲ್ಲಿ ಐದು ವಾರ, ವಾರಕ್ಕೆ ಐದು ದಿನ, ಒಟ್ಟು 25 ಸಲ ಹೋಗಬೇಕಿತ್ತು. ಒಣಮೀನಿನ ಕೆಲಸ ಬಿಟ್ಟು, ಮಕ್ಕಳನ್ನು ಯಾರದೋ ಮಡಿಲಿಗೆ ಹಾಕಿ ಐದು ವಾರ ಪರಸ್ಥಳದಲ್ಲಿ ಉಳಿಯುವುದು ಸಾಧ್ಯವೇ? "ಪೂರ್ತಿ ತೆಗೆದುಬಿಡಿ ಡಾಕ್ಟ್ರೇ" ಎನ್ನುವವರು ಎಷ್ಟೋ ಸಲ ರೋಗಕ್ಕೆ ಹೆದರಿದವರಲ್ಲ, ಬಸ್ಸಿಗೆ ಹೆದರಿದವರು.

ಆ ಲೆಕ್ಕ ಈಗ ಬದಲಾಗಿದೆ. ಬ್ರಿಟನ್ನಿನ ಸ್ಟಾರ್ಟ್-ಬಿ ಅಧ್ಯಯನ 25 ಸಲದ 50 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ) ಬದಲು 15 ಸಲದಲ್ಲಿ 40 ಗ್ರೇ ಕೊಟ್ಟು ನೋಡಿತು. 2013ರಲ್ಲಿ ಬಂದ ಹತ್ತು ವರ್ಷದ ಫಲಿತಾಂಶದಲ್ಲಿ ರೋಗ ಹತೋಟಿ ಕಡಿಮೆಯಾಗಿರಲಿಲ್ಲ, ಸ್ತನ ಕುಗ್ಗುವುದೂ ಬಾವೂ ಕಡಿಮೆಯೇ ಇತ್ತು. ಕಡಿಮೆ ದಿನ ಎಂದರೆ ಕಡಿಮೆ ಚಿಕಿತ್ಸೆ ಎಂಬ ಅನುಮಾನ ಬೇಡ. 2020ರಲ್ಲಿ ಫಾಸ್ಟ್-ಫಾರ್ವರ್ಡ್ ಎಂಬ ಅಧ್ಯಯನ ಒಂದೇ ವಾರದಲ್ಲಿ ಐದು ಸಲ, ಒಟ್ಟು 26 ಗ್ರೇ ಕೊಟ್ಟರೂ ಐದು ವರ್ಷದ ಮಟ್ಟಿಗೆ ರೋಗ ಹತೋಟಿಯಲ್ಲಿ ಮೂರು ವಾರದ ಕ್ರಮಕ್ಕೆ ಕಡಿಮೆಯಿಲ್ಲ ಎಂದು ತೋರಿಸಿತು. ಎಲ್ಲರಿಗೂ ಇದು ಹೊಂದದು, ಆದರೆ ಕೇಳುವುದಕ್ಕೆ ಅಡ್ಡಿಯಿಲ್ಲ.

ವಿಕಿರಣ ನಡೆಯುವಾಗ ಕರಾವಳಿಯ ಸೆಕೆಯಲ್ಲಿ ಕೆಲವು ಜಾಗ್ರತೆ ಬೇಕು. ಸ್ತನದಡಿ ಬೆವರು ನಿಲ್ಲದಂತೆ ಸಡಿಲ ಹತ್ತಿಬಟ್ಟೆ ಹಾಕಬೇಕು. ಕರಿಮಣಿ ಸರ ಆ ಚರ್ಮಕ್ಕೆ ಉಜ್ಜುತ್ತಿದ್ದರೆ ಅಷ್ಟು ದಿನ ತೆಗೆದಿಡುವುದೇ ಒಳ್ಳೆಯದು. ಮೀನು ಒಣಗಿಸುವ ಬಿಸಿಲಿಗೆ ಆ ಭಾಗ ತೆರೆದಿರಬಾರದು. ಎಣ್ಣೆ, ಅರಿಶಿನ, ಮುಲಾಮು ಏನಿದ್ದರೂ ವಿಕಿರಣ ವಿಭಾಗದಲ್ಲಿ ಕೇಳಿಯೇ ಹಚ್ಚಬೇಕು.

ಒಂದೇ ಸ್ತನದ ಬೇರೆ ಬೇರೆ ಭಾಗಗಳಲ್ಲಿ ರೋಗ ಹರಡಿದ್ದರೆ, ಎದೆಗೆ ಹಿಂದೆ ವಿಕಿರಣ ಆಗಿದ್ದರೆ ಸ್ತನ ಉಳಿಸುವ ದಾರಿ ಸಾಮಾನ್ಯವಾಗಿ ಒಗ್ಗುವುದಿಲ್ಲ. ಬಸುರಿಗೆ ಹೆರಿಗೆಗೆ ಮೊದಲು ವಿಕಿರಣ ಕೊಡುವಂತಿಲ್ಲ. ಉಳಿದವರು ಆಪರೇಶನ್ನಿನ ಕಾಗದಕ್ಕೆ ಸಹಿ ಹಾಕುವ ಮೊದಲು ಎಷ್ಟು ಭಾಗ ಹೋಗುತ್ತದೆ, ಗುಳಿ ತುಂಬುತ್ತೀರಾ, ವಿಕಿರಣ ಎಷ್ಟು ದಿನ ಎಂದು ಕೇಳಿ. ಅಷ್ಟು ದಿನ ಹೋಗಿಬರಲು ಆಗದು ಎನಿಸಿದರೆ ಅದನ್ನೂ ಆಗಲೇ ಹೇಳಿಬಿಡಿ. ಆಪರೇಶನ್ ಆದಮೇಲೆ ವಿಕಿರಣ ಅರ್ಧಕ್ಕೆ ಬಿಡುವುದಕ್ಕಿಂತ, ಮೊದಲೇ ಹೇಳಿದರೆ ವೈದ್ಯರು ಬೇರೆ ದಾರಿ ನೋಡಬಲ್ಲರು.